ಎಣಿಕಿ ಸರಿ ಐತಿ

ಬನಹಟ್ಟಿಯೊಳಗ ಕೂಸು ಏಳೂದು
ಸಪ್ಪಳಕ್ಕಲ್ಲ, ಸಪ್ಪಳ ನಿಂತಾಗ.
ಕರೆಂಟ್ ಹೋಗಿ ಓಣಿಯ ಮಗ್ಗೆಲ್ಲಾ ಗಪ್ಪಾದ್ರ
ತೊಟ್ಟಿಲೊಳಗಿಂದ ಚಿಟ್ಟನೆ ಚೀರತಾವ.
ಇದನ್ನ ಹೇಳಿದಾಕಿ ಮುರಿಗೆವ್ವ,
ನಲವತ್ತು ವರ್ಷ ಕಂಡಿಕಿ ಸುತ್ತಿದಾಕಿ,
ನಾ ಆಕಿ ಬೆರಳಿಗೆ ಸೂಜಿ ಚುಚ್ಚುವಾಗ.

ಜಮಖಂಡಿ ದವಾಖಾನಿ. ಹಿತ್ತಲ ಕಡೆ ನನ್ನ ಲ್ಯಾಬು.
ಗಾಜಿನ ಮ್ಯಾಲ ಒಂದು ಹನಿ ಎಳದು,
ನೀಲಿ ಬಣ್ಣ ಉಣಿಸಿ, ತೊಳದು, ಒಣಗಿಸಿ
ಒಂದು ಕಣ್ಣು ಮುಚ್ಚಿ ನೋಡತೇನಿ.
ಕೆಂಪು ಕಣ, ಮಾಳಿಗಿ ಮ್ಯಾಲ ಹರವಿದ ಹಪ್ಪಳ.
ನಡಕ ನಡಕ ಬಿಳಿಕಣ,
ಮೂರು ಗಂಟು ಬಿದ್ದ ನೂಲಿನಂಥಾ ಬೀಜ
ಹೊಟ್ಟ್ಯಾಗ ಇಟಗೊಂಡು ನಿಂತಾವ.
ಹೆಬ್ಬೆರಳು ಎಣಿಕಿ ಡಬ್ಬಿ ಒತ್ತತೈತಿ, ಟಕ್, ಟಕ್.
ಅರವತ್ತೆಂಟು ಈ ಜಾತಿ, ಇಪ್ಪತ್ತಾರು ಆ ಜಾತಿ,
ಚಿಲ್ಲರ ಆರು. ನೂರಕ್ಕ ಗಂಟಿ ಹೊಡೀತು.
ನಾರ್ಮಲ್ ಅಂತ ಬರದೆ. ಸಹಿ ಹಾಕಿದೆ.

ಆಕಿ ಬೆನ್ನಿನ ಹುಣ್ಣು
ನನ್ನ ಸಹಿ ಓದಲಿಲ್ಲ.

ಗಡ್ಡಿ ಎಲುಬಿಗೆ ಇಳಿದಿತ್ತು, ಅದಕ್ಕ
ನಾಕು ತಾಸಿಗೊಮ್ಮೆ ಮಾರ್ಫಿನ್ ಗುಳಿಗಿ.
ಜ್ವರಾ ಇಲ್ಲ, ನರಳಿಕಿ ಇಲ್ಲ,
ಹುಣ್ಣು ಮಾತ್ರ ಸದ್ದಿಲ್ಲದ ಅಗಲ ಆಗಾಕತ್ತಿತ್ತು,
ಮಾಲಕ ಮಲಗಿದ ಮನ್ಯಾಗ
ಕಳ್ಳ ಚಪ್ಪಲಿ ಬಿಚ್ಚಿ ಅಡ್ಡಾಡಿದಂಗ.

ಡಾಕ್ಟರ್ ಮುಜಾವರ ಚಹಾದ ಗ್ಲಾಸು ತಿರುವಿಗೋತ ಅಂದ್ರು:
"ಎಣಿಕಿ ಸರಿ ಐತಿ, ಸಾವಂತ್ರಿ.
ಎಣಿಕಿಯೊಳಗ ನಿದ್ದಿ ಕಾಣೂದಿಲ್ಲ.
ಬಿಳಿಕಣದ ಮೈಮ್ಯಾಲೂ ಅಫೀಮಿನ ಕೀಲಿ ಕೂಡೂ ತೂತು ಅದಾವ.
ಗುಳಿಗಿ ಅಲ್ಲೂ ಹೋಗಿ ತಿರಗತೈತಿ.
ಕಾವಲಿನವರು ಸಾಯೂದಿಲ್ಲ, ತಡಾ ಮಾಡತಾರ.
ಹುಳಾ ಎದುರಿಗೆ ಬಂದ್ರೂ
ಬಾಯಿ ತೆರಿಯಾಕ ಮನಸ್ಸಾಗೂದಿಲ್ಲ."

ಬಾಗಿಲ ಸಂದ್ಯಾಗ ಸೊಸಿ ಬಾಳವ್ವ ಕೇಳಿಸಿಗೊಂಡ್ಲು.
ಆ ರಾತ್ರಿ ಗುಳಿಗಿ ಸೆರಗಿನ್ಯಾಗ ಕಟ್ಟಿಟ್ಟಳು, ಯಾರಿಗೂ ಹೇಳಲಿಲ್ಲ.
ಮುರಿಗೆವ್ವನ ಸಪ್ಪಳ ಮೂರು ವಾರ್ಡಿಗೆ ಕೇಳಿತು.
ಮುಂಜಾನೆ ಹನಿ ಎಳದೆ: ಏಳು ಸಾವಿರ ಇದ್ದದ್ದು ಹನ್ನೊಂದು!
ನನಗ ಖುಷಿ. ಎದ್ದಾರಲ್ಲ ಅಂತ.
"ಇದು ಎಚ್ಚರ ಅಲ್ಲ, ಗಾಬರಿ," ಅಂದ್ರು ಮುಜಾವರ.
"ನೋವೂ ಕಾವಲಿನವರನ್ನ ತಿಂತೈತಿ,
ಅದಕ್ಕಿಂತ ಹೊಲಸಾಗಿ. ಕೊಡ ಗುಳಿಗಿ."
ಬಾಳವ್ವ ಗಂಟು ಬಿಚ್ಚಿದಳು.
ಗುಳಿಗಿ ಬೆವರಿಗೆ ಅರ್ಧಾ ಕರಗಿತ್ತು.

ಹೋಗುಮುಂದ ಇನ್ನೊಂದು ಹೇಳಿದ್ರು,
ಅದು ಇನ್ನೂ ನನ್ನ ಬಿಟ್ಟಿಲ್ಲ:
ಇವ ಬಿಳಿಕಣ ತಮ್ಮ ಉಡಿಯೊಳಗ
ತಾವ ಮಾಡಿದ ಚೂರು ಅಫೀಮು ಕಟಗೊಂಡು
ಗಾಯದ ತನಕ ನಡಕೊಂಡು ಹೋಗತಾವಂತ,
ಅಲ್ಲೇ ಬಿಚ್ಚತಾವಂತ.
ಹೊಡದಾಡೂ ಕೈಯಾಗ ಸವರೂ ಮದ್ದು.
ನಾ ಎಷ್ಟು ಸಾವಿರ ಎಣಿಸೇನಿ,
ಒಂದರ ಉಡಿಯೂ ಬಿಚ್ಚಿ ನೋಡಲಿಲ್ಲ.

ಮಧ್ಯಾಹ್ನ ಕರೆಂಟ್ ಹೋತು. ಫ್ಯಾನು ನಿಂತಿತು.
ಮುರಿಗೆವ್ವ ಕಣ್ಣು ತೆರೀದ ಕೇಳಿದ್ಲು:
"ನನ್ನ ರಕ್ತ ಏನಂತೈತವ್ವ?"
"ಎಣಿಕಿ ಸರಿ ಐತಿ."
"ಹೌದಾ. ಮಗ್ಗ ನಿಂತಂಗ ಆಗೈತಿ.
ಯಾವುದರ ಕೂಸು ಎದ್ದು ಅಳತೈತೇನು, ಕೇಳು."

ಕಿವಿಗೊಟ್ಟೆ.
ಬಾಳೊತ್ತು ಕಿವಿಗೊಟ್ಟೆ.