ದಶಕ ಸಾಲ

ರಾತ್ರಿ ಎರಡೂವರೆ. ಇಪ್ಪತ್ತಾರನೇ ರೂಮು.
ಮಿಸೆಸ್ ಯುರ್ಚಕ್‌ರನ್ನು ಎಡಮಗ್ಗುಲಿಗೆ ಹೊರಳಿಸಿ
ಬೆನ್ನಿಗೊಂದು ದಿಂಬು ಕೊಟ್ಟೆ.
"ಜೇಬಿನಲ್ಲೇನೋ ಪರಪರ ಅನ್ನುತ್ತಿದೆ," ಅಂದರು.

ಗ್ಯಾಸ್ ಬಿಲ್ಲಿನ ಲಕೋಟೆ. ಹಿಂಬದಿಗೆ ನನ್ನ ಲೆಕ್ಕ.
ಓಹಾಯೋದ ಈ ಊರಿನ ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಸಂಬಳದ ಪಟ್ಟಿ ಬರೆದ ಕೈ
ಕಂಬಳಿಯ ಕೆಳಗಿಂದ ಹೊರಬಂತು:
"ಕೊಡು ಇಲ್ಲಿ."

ಈಗ ಗಂಟೆಗೆ ಹದಿನೇಳು ಡಾಲರು.
ನರ್ಸ್ ಆದರೆ ಮೂವತ್ತನಾಲ್ಕು, ಸರಿಯಾಗಿ ಎರಡರಷ್ಟು.
ಡಿಗ್ರಿಗೆ ಮೂವತ್ತೆಂಟು ಸಾವಿರ, ಪುಸ್ತಕ, ಸಮವಸ್ತ್ರ,
ಎದೆಬಡಿತ ಕೇಳುವ ಕೊಳವೆ ಎಲ್ಲ ಸೇರಿ.
ಎರಡು ವರ್ಷ ಅರ್ಧ ಪಾಳಿ; ಅಂದರೆ ಒಂದು ವರ್ಷದ ಸಂಬಳ
ನೀರಿಗೆ. ಮೂವತ್ತೈದು ಸಾವಿರದ ಮುನ್ನೂರು ಚಿಲ್ಲರೆ.
"ಚಿಲ್ಲರೆ ಅಂದರೆ?"
"ಅರವತ್ತು."
"ಬರಿ. ಅರವತ್ತು ಡಾಲರಿಗೆ ಗೇಟಿನಲ್ಲಿ
ನನ್ನ ಕೊರಳಪಟ್ಟಿ ಹಿಡಿದವರಿದ್ದಾರೆ."

ಬರೆದೆ. ಕೂಡಿದೆ. ತೆರಿಗೆ ಕಳೆದೆ.
ನಲವತ್ತೈದಕ್ಕೆ ಡಿಗ್ರಿ, ನಲವತ್ತೆಂಟಕ್ಕೆ ಹಾಕಿದ್ದು ವಾಪಸು,
ಅಲ್ಲಿಂದ ಅರವತ್ತೇಳರವರೆಗೆ ಬಂದದ್ದೆಲ್ಲ ಲಾಭ.
ಕಾಗದದ ಮೇಲೆ ಎಷ್ಟು ಸಲೀಸು,
ಈಗಷ್ಟೇ ಹಾಸಿದ ದುಪ್ಪಟಿಯ ಹಾಗೆ, ಒಂದು ಸುಕ್ಕಿಲ್ಲ.

"ಸವಕಳಿ ಎಲ್ಲಿ?"

ನನಗೆ ಅರ್ಥವಾಗಲಿಲ್ಲ.
"ಯಂತ್ರಕ್ಕೆ ಬರೆಯುತ್ತಿದ್ದೆವು, ವರ್ಷಕ್ಕೆ ಇಷ್ಟು ಸವೆಯಿತು ಅಂತ.
ದೊಡ್ಡ ಕುಲುಮೆಗೆ ನಲವತ್ತು ವರ್ಷ ಆಯುಸ್ಸು ಬರೆದವಳು ನಾನೇ.
ಇಪ್ಪತ್ತಮೂರಕ್ಕೆ ಗೇಟಿಗೆ ಬೀಗ.
ನಿನ್ನ ಸೊಂಟಕ್ಕೆ ಎಷ್ಟು ಬರೆದಿದ್ದೀಯ?"

ಹದಿಮೂರು ವರ್ಷದಿಂದ ಎತ್ತಿದ ಸೊಂಟ.
ಇವರನ್ನು, ಇವರಿಗಿಂತ ಮೊದಲು ಇದೇ ಮಂಚದಲ್ಲಿದ್ದವರನ್ನು.
ಡಿಗ್ರಿ ಇರುವ ಟ್ರೆಂಟ್ ಲಾಸ್ಕೊ ಗುಳಿಗೆಯ ಗಾಡಿ ತಳ್ಳುತ್ತಾನೆ,
ಎಣಿಸುತ್ತಾನೆ, ಸಹಿ ಹಾಕುತ್ತಾನೆ; ಮೂವತ್ತು ಮಂದಿಗೆ ಅವನೊಬ್ಬ.
ಪಾಳಿ ಮುಗಿದ ಮೇಲೆ ಕಾರಿನಲ್ಲಿ
ಕೀಲಿ ತಿರುಗಿಸದೆ ಕೂತಿರುವುದನ್ನೂ ನೋಡಿದ್ದೇನೆ.
ಮೂವತ್ತನಾಲ್ಕು ಡಾಲರಿನಲ್ಲಿ ಅದೂ ಸೇರಿದೆಯೋ,
ಬೇರೆ ಕೊಡುತ್ತಾರೋ.

ಮತ್ತೆ ಬ್ರಿನಾ. ನಾನು ಮುಗಿಸುವ ವರ್ಷವೇ ಅವಳ ಕಾಲೇಜು ಶುರು.
"ಅಮ್ಮ, ನೀನು ಕೆಮಿಸ್ಟ್ರಿಯಲ್ಲಿ ಫೇಲಾದವಳಲ್ಲವಾ?" ಅಂದಳು,
ಚುಚ್ಚಲು ಅಲ್ಲ, ಮಾಹಿತಿಗಾಗಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಹಾಸಿಗೆ ಬದಲಿಸುವ ಕೆಲಸ ಮಾಡಿದವರಲ್ಲ.
ಹಾಸಿಗೆ ಯಾವತ್ತೂ ಒಂದೇ ಅಳತೆ.
ಅದರಲ್ಲಿ ದಿನದಿನಕ್ಕೆ ಗಿಡ್ಡವಾಗುವುದು ಮನುಷ್ಯರು.

ಪೆನ್ಸಿಲು ಕೇಳಿದರು. ಕಳೆಯುವ ಲೆಕ್ಕ:
ಮೇಲೆ ಬಿಡಿ ಐದು, ಕೆಳಗೆ ಎಂಟು; ಸಾಲದು.
"ಸಾಲದಿದ್ದರೆ ಪಕ್ಕದ ಮನೆಯಿಂದ ದಶಕ ಸಾಲ ತಗೋ,"
ಮೂರನೇ ಕ್ಲಾಸಿನ ಟೀಚರಿನ ದನಿ.

ದಶಕ.
ಸಾಲದ ಕಂಪನಿಯೂ ಅದನ್ನೇ ಅನ್ನುತ್ತದೆ:
ನೂರಿಪ್ಪತ್ತು ಕಂತು, ಹತ್ತು ವರ್ಷ.
ಪಕ್ಕದ ಮನೆಯಲ್ಲಿ ಇರುವವಳು ಐವತ್ತೈದರ ನಾನೇ.
ನನ್ನದೇ ಮೂಗು, ನನ್ನದೇ ಚಪ್ಪಟೆ ಪಾದ,
ಬಾಗಿಲು ಅರ್ಧ ತೆರೆದು ನಿಂತಿದ್ದಾಳೆ,
ಕೊಡುತ್ತೇನೆ ಅನ್ನುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ.
ಅವಳ ಅಂಕಿಗೆ ಗೀಟು ಹಾಕಿ
ಮೇಲೆ ಒಂದು ಕಡಿಮೆ ಮಾಡಿ ಬರೆಯಬೇಕು.

ಇಪ್ಪತ್ತೆಂಟರಲ್ಲಿ ಗಂಟೆ ಬಾರಿಸಿತು, ಹೋಗಿ ಬಂದೆ.
ಅಷ್ಟರಲ್ಲಿ ಇವರಿಗೆ ನಿದ್ದೆ.
ಲಕೋಟೆಯ ಮೂಲೆಯಲ್ಲಿ ನಡುಗುವ ಅಕ್ಷರ:
ಲೆಕ್ಕ ಸರಿ ಇದೆ. ಮಂಜೂರಾತಿ ನನ್ನ ಕೈಲಿಲ್ಲ.

ನಾಲ್ಕೂವರೆಗೆ ಬಲಮಗ್ಗುಲು. ಆರೂವರೆಗೆ ಬೆನ್ನು.
ಏಳಕ್ಕೆ ಕಾರಿನಲ್ಲಿ ಕೂತು, ಕೀಲಿ ತಿರುಗಿಸದೆ,
ಫೋನಿನಲ್ಲಿ ಅರ್ಜಿ ತುಂಬಿದೆ.
ಕೊನೆಯ ಪುಟದಲ್ಲಿ ಶುಲ್ಕ: ನಲವತ್ತು ಡಾಲರು, ವಾಪಸು ಬಾರದು.
ಅದನ್ನು ಎಲ್ಲೂ ಬರೆದಿರಲಿಲ್ಲ.
ಕಟ್ಟಿದೆ.