ಗಷ್ಟಿನ ಮೇಲೆ

ನಮ್ಮದು ಉಗುಳುವ ಕಸುಬು.
ಚಮಚದ ತುಂಬ ಕಾಫಿ, ಸುರ್ರೆಂದು ಎಳೆದು,
ಅಂಗುಳಿಗೆಲ್ಲ ಎರಚಿ, ಒಂದು ಗಳಿಗೆ ನಿಲ್ಲಿಸಿ,
ಹಿತ್ತಾಳೆ ಪೀಕದಾನಿಗೆ.
ಇಪ್ಪತ್ತಾರು ವರ್ಷ, ದಿನಕ್ಕೆ ನೂರು ಬಟ್ಟಲು,
ಹಾಸನದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ.
ನುಂಗಿದ್ದು ಬೆಳಿಗ್ಗೆ ಮನೆಯ ಒಂದು ಲೋಟ, ಅಷ್ಟೆ.

ನಾಂತ್ ಊರಿನ ಸೊಲೆನ್ ಬಂದಾಗ ಜನವರಿ.
ಕಣದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿತ್ತು.
ಒಬ್ಬರ ಭಾಷೆ ಒಬ್ಬರಿಗೆ ಅರೆಬರೆ,
ಸುರ್ರ್ ಮಾತ್ರ ಇಬ್ಬರದೂ ಒಂದೇ.
ಏಳನೇ ಬಟ್ಟಲಿಗೆ ‘ಒಳ್ಳೇದು, ಹೂವಿನ ಘಮ’ ಅಂದೆ.
ಅವಳು ಚಮಚ ಕೆಳಗಿಟ್ಟಳು.
ಮುಗ್ಗಲು ಹಿಡಿದ ಲಾಟ್ ಅದು,
ಮಗುವಿಗೂ ಗೊತ್ತಾಗುವಂಥ ಮುಗ್ಗಲು.
ಏನೂ ಅನ್ನಲಿಲ್ಲ. ಕಾಗದದಲ್ಲಿ ಏನೋ ಗೀಚಿ
ಎಂಟನೆಯದಕ್ಕೆ ಸರಿದಳು.

ಮೂಗು ಹೋಗಿ ಆಗ ಹನ್ನೊಂದು ತಿಂಗಳು.
ಜ್ವರ ಬಂತು, ಇಳಿಯಿತು,
ಹೊರಡುವಾಗ ಅದನ್ನೂ ಜೊತೆಗೆ ಕರೆದೊಯ್ದಿತು.
ಹೆಂಡತಿಗೆ ಗೊತ್ತು. ಜವರಮ್ಮನಿಗೆ ಗೊತ್ತು,
ಷೆಡ್ಡಿನಲ್ಲಿ ಕೂತು ಕೆಟ್ಟ ಬೀಜ ಆರಿಸುವವಳು,
ಬಟ್ಟಲು ಜೋಡಿಸುವ ನೆಪದಲ್ಲಿ ಬಂದು
‘ಇದು ಮಣ್ಣು, ಇದು ಬೆಲ್ಲ, ಇದು ಬ್ಯಾಡ’
ಪಿಸುಗುಟ್ಟಿ ಹೋಗುವವಳು.
ಅಂದು ಅವಳು ಮೊಮ್ಮಗಳ ನಾಮಕರಣಕ್ಕೆ ರಜಾ.

ಹೊರಡುವ ದಿನ ಸೊಲೆನ್ ಒಂದು ಬಾಟಲಿ ಕೈಗಿಟ್ಟಳು.
ಕೂಡಿಸಿ ಓದಿದೆ: ಮಸ್ಕಡೆಟ್.
ನಕ್ಕಳು. ‘ಕೊನೆಯ ಅಕ್ಷರ ನುಂಗಿಬಿಡಿ. ಮಸ್ಕಡೆ.’
ಉಗುಳುವವನಿಗೆ ಯಾರಾದರೂ ನುಂಗು ಅಂದದ್ದು ಅದೇ ಮೊದಲು.

ಲುವಾರ್ ಹೊಳೆ ಕಡಲಿಗೆ ಹತ್ತಿರವಾಗುವ ಕಡೆ ಅವಳ ತೋಟಗಳಂತೆ.
ಮುನ್ನೂರು ವರ್ಷದ ಹಿಂದೆ ಒಂದು ಚಳಿಗೆ
ಬಳ್ಳಿಗಳೆಲ್ಲ ಕಪ್ಪಾಗಿ ಸತ್ತು, ಈ ಒಂದು ಬಿಳಿ ದ್ರಾಕ್ಷಿ
ಹಟ ಹಿಡಿದು ಉಳಿಯಿತಂತೆ.
ರಸ ಹುದುಗಿದ ಮೇಲೂ ಸೋಸುವುದಿಲ್ಲ,
ಚಳಿಗಾಲವಿಡೀ ತನ್ನ ಗಷ್ಟಿನ ಮೇಲೆಯೇ ಮಲಗಿರುತ್ತದೆ,
ಸತ್ತ ಹುದುಗಿನಿಂದಲೇ ಮೈ ತುಂಬಿಕೊಳ್ಳುತ್ತ.
ಗಷ್ಟನ್ನು ಬಾಳೆಯ ಬುಡಕ್ಕೆ ಸುರಿಯುವ ನಾನು
ಹೌದೇ, ಹೌದೇ ಅನ್ನುತ್ತಿದ್ದೆ.
ಆಮೇಲೆ ಮೆಲ್ಲಗೆ ಅಂದಳು:
‘ಇದಕ್ಕೆ ಘಮ ಕಡಿಮೆ. ಮೂಗಿನವರು ಬೈಯುತ್ತಾರೆ.
ಇದು ನಾಲಿಗೆಯ ಅಂಚಿಗೆ. ಕಡಲ ಚಿಪ್ಪಿನ ಜೊತೆ, ಉಪ್ಪಿನ ಜೊತೆ.’
ನನ್ನ ಮುಖ ನೋಡಲಿಲ್ಲ.

ಚಿಪ್ಪು ಎಲ್ಲಿಂದ ತರಲಿ?
ಮಂಗಳೂರಿನ ವ್ಯಾನು ಶಿರಾಡಿ ಹತ್ತಿ ಬರುವಷ್ಟರಲ್ಲಿ
ಬಂಗುಡೆಗೇ ಕಣ್ಣು ಕೆಂಪು.
ಶನಿವಾರ ಮಧ್ಯಾಹ್ನ, ಸ್ಯಾಂಪಲ್ ಕೋಣೆ.
ಬಿರಡೆ ಕೀಳುವ ತಿರುಪು ಇಲ್ಲ,
ಮೂಟೆಗೆ ಚುಚ್ಚುವ ಕಬ್ಬಿಣದ ಕೊಳವೆಯಿಂದ
ಒಳಕ್ಕೇ ತಳ್ಳಿದೆ.
ಜವರಮ್ಮ ಡಬ್ಬಿ ಬಿಚ್ಚಿದಳು: ಮುದ್ದೆ, ಗದ್ದೆ ಏಡಿಯ ಸಾರು.
ಚಿಪ್ಪೇನೋ ಚಿಪ್ಪೇ. ಆದರೆ ಅವಳ ಮೆಣಸಿನಕಾಯಿ ಎದುರು
ಫ್ರಾನ್ಸಿನ ವೈನು, ಇನ್‌ಸ್ಪೆಕ್ಟರ್ ಬಂದ ದಿನದ
ಒಂದನೇ ಕ್ಲಾಸಿನ ಹುಡುಗ. ಬಾಯೇ ಬಿಡಲಿಲ್ಲ.
ಡಬ್ಬಿಯ ಮುಚ್ಚಳದಲ್ಲಿ ಬೇಯಿಸಿದ ಆಲೂಗಡ್ಡೆ ಎರಡು.
ಒಂದನ್ನು ಮುರಿದೆ, ಕಲ್ಲುಪ್ಪು ಒತ್ತಿದೆ.
ಆಗ
ನಾಲಿಗೆಯ ಎರಡೂ ಬದಿ ಏನೋ ಎದ್ದು ಕೂತಿತು.
ನಿಂಬೆಯ ಅಂಚು. ಆಮೇಲೆ ಉಪ್ಪು,
ಆಲೂಗಡ್ಡೆಯದಲ್ಲ, ಇನ್ನೊಂದು, ನಾನು ನೋಡದ ನೀರಿನದು.
ಹನ್ನೊಂದು ತಿಂಗಳಲ್ಲಿ ಮೊದಲ ಸಲ
ಬಾಯಲ್ಲಿ ಏನೋ ಒಂದು ಪೂರ್ತಿಯಾಗಿತ್ತು.
ಪೀಕದಾನಿ ಪಕ್ಕದಲ್ಲೇ ಇತ್ತು.
ನುಂಗಿದೆ.

‘ಮೂಸು ಜವರಮ್ಮ, ಏನು ಬರುತ್ತೆ?’
ಗ್ಲಾಸು ಮುಟ್ಟದೆ, ಬಗ್ಗಿ, ಕಣ್ಣು ಮುಚ್ಚಿ:
‘ಹೆಚ್ಚೇನಿಲ್ಲ ಸ್ವಾಮಿ. ಬಟ್ಟೆ ಒಗ್ದು ಎದ್ದ ಮ್ಯಾಲೆ
ಕಲ್ಲು ಇರ್ತದಲ್ಲ, ಬಿಸ್ಲಿಗೆ ಒಣಗ್ತಾ. ಅದು.’

ಸೋಮವಾರ ಲಾಟ್ ಪುಸ್ತಕ ತೆರೆದು
ಏಳನೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ.
ರುಚಿ ನೋಡಿದವರು ಎಂಬ ಕಡೆ
ಒಂದೇ ಹೆಸರಿನ ಜಾಗದಲ್ಲಿ ಇರುಕಿಸಿ ಬರೆದೆ:
ನಾಲಿಗೆ, ಶಿವನಂಜೇಗೌಡ.
ಮೂಗು, ಜವರಮ್ಮ.

ಮ್ಯಾನೇಜರು ಹೇಳಿಕಳಿಸಿದ್ದಾರೆ. ಹೋಗಬೇಕು.