ಬೆಸುಗಿ ಹಾಕದ ಫರಸಿ

ಮೊದಲು ರಟ್ಟಿನ ಮ್ಯಾಲ ಮಾಡೀನಿ.
ಚಪ್ಪಲಿ ಡಬ್ಬಿ ಮುಚ್ಚಳ, ಗುಂಡುಪಿನ್ನು,
ಒಂದು ತಾಸು ತಡೀತು.
ಆಮ್ಯಾಲ ಮಾವಿನ ಹಲಗಿ, ಹಿತ್ತಾಳಿ ಸ್ಕ್ರೂ ನಾಕು ಸಾಲು.
ಕಾದ ಕಡ್ಡಿ ಜಾರಿ ಬಿದ್ದು
ನಟ್ಟ ನಡುವ ಒಂದು ಕರೀ ಕಣ್ಣು ಸುಟ್ಟಿತು.
ಮಳಿಗಾಲ ಬಂದು ಅದನ್ನೂ ಸೊಟ್ಟ ಮಾಡ್ತು.

ಶಹಾಬಾದಿನಾಗ ಇದ್ದು ಕಲ್ಲು ಹುಡುಕೂದಂದ್ರ
ಬಾವ್ಯಾಗ ನಿಂತು ನೀರು ಕೇಳಿದಂಗ.
ಅಂಗಡಿ ಹೊಸ್ತಿಲ ಬಲ್ಲಿ ಒಡದ ಫರಸಿ ಬಿದ್ದಿತ್ತು,
ಮೊಳ ಉದ್ದ, ಗೇಣು ಅಗಲ,
ಒಂದು ಮೂಲಿ ಇಲಿ ಕಡದಂಗ.
ಖಣಿಯ ಹುಸೇನಪ್ಪ ತೂತು ಕೊರದು ಕೊಟ್ಟ, ಮೂವತ್ತಾರು.
'ಏನ್ ಯಕ್ಕಾ, ಚೌಕಾಬಾರದ ಮನಿಯೇನು?'
ಇಲ್ಲೋ, ಗಿಟಾರದ ದನಿ ಕೆಡಸ್ತೀನಿ ಅಂದೆ.
'ಕೆಡಸ್ಲಾಕ ಇಷ್ಟು ಖಟಿಪಿಟಿ?'
ಪುಡಿ ಊದಿ ನಕ್ಕ.

ತೂತಿಗೊಂದು ಸ್ಪ್ರಿಂಗು.
ಹದಿನೆಂಟು ಬಾಲ್‌ಪೆನ್ನಿನವು, ಉಳದವು ಗುಜರಿಯವು.
ಕೆಳಗ, ಮೋಟರ್ ಸುತ್ತಿ ಮಿಕ್ಕ ತಾಮ್ರದ ತಂತಿ,
ಬಣ್ಣ ಕೆರದು, ಸಾಲಿನಿಂದ ಸಾಲಿಗೆ.
ಎಡಕ್ಕ ಬ್ಯಾಟರಿ, ಬಲಕ್ಕ ಜಾಕು,
ನಡುವ ಖಾಲಿ ಜಾಗ.
ಆ ಖಾಲಿ ಜಾಗಕ್ಕೇ ಇಷ್ಟೆಲ್ಲ.

ಸ್ಪ್ರಿಂಗು ಬಾಗಿಸು, ತಂತಿಯ ಕಾಲು ತೂರಿಸು, ಬಿಡು.
ಹಿಡೀತದ.
ಬ್ಯಾಡಂದ್ರ ಮತ್ತ ಬಾಗಿಸು.
ಬಿಡ್ತದ.
ಹದಿನಾರಕ್ಕ ಬೆಸುಗಿ ಬಿದ್ದಾಕಿ ನಾ.
ಬಿಡಸ್ಲಾಕ ಬರೂದಂದ್ರ ಏನಂತ
ನಲವತ್ತರಾಗ ಈ ಕಲ್ಲು ತೋರಿಸ್ತು.

ದೇವದಾನ ಸಿಮೆಂಟಿನ ಚೀಲ ಇಳಿಸಿ ಬರ್ತಾನ, ಹುಬ್ಬೆಲ್ಲ ಬೂದಿ.
ಆದಿತವಾರ ಚರ್ಚಿನಾಗ ಗಿಟಾರು.
ಬೇಕಾದ ದನಿ ಬಾಯಿಲೇ ಮಾಡಿ ತೋರಸ್ತಾನ:
ಡಬ್ಬ್ಯಾಗ ಕಣಜ ಸಿಕ್ಕಂಗ... ಅಲ್ಲ,
ಕಾದ ಹಂಚಿಗಿ ನೀರು ಹೊಡದಂಗ... ಅದೂ ಅಲ್ಲ,
'ಯಕ್ಕಾ, ನಿಮ್ಮ ಮೋಟರು ಸುಡೂಕಿಂತ ಮೊದಲ ಅಳ್ತದಲ್ಲ, ಹಂಗ.'

ನಲವತ್ತೇಳು ತೆಗದು ನೂರು, ನೂರು ತೆಗದು ಮೂವತ್ಮೂರು.
ಮುದಿ ರೇಡಿಯೋದಿಂದ ಕಿತ್ತ ಜರ್ಮೇನಿಯಂ ಎರಡು,
ಮಸೂರಿ ಕಾಳಿಗಿ ಮೂರು ಮೀಸಿ ಬಂದಂಗ.
ಡಿಸೆಂಬರದ ಒಂದು ನಸುಕಿನಾಗ
ಕಲ್ಲು ಅತ್ತಿತು.
ದೇವದಾನ ಚಾ ಕೆಳಗಿಟ್ಟ.

ಜರ್ದಾ ಡಬ್ಬ್ಯಾಗ ಬೆಸುಗಿ ಹಾಕಿ ಕೊಟ್ಟೆ.
ಯುಗಾದಿ ಆಗಿ ಹದಿನೈದು ದಿನಕ್ಕ ಬಂದ, 'ಯಕ್ಕಾ, ಸತ್ತದ.'
ತೆಗದು ನೋಡ್ತೀನಿ, ಬೆಸುಗಿ ಬೆಳ್ಳಿ ಹನಿಯಂಗ ಹೊಳೀತದ,
ಎಲ್ಲೂ ತಪ್ಪಿಲ್ಲ.
ಕಲ್ಲಿನ ಮ್ಯಾಲ ಅದೇ ಲೆಕ್ಕ ಕಟ್ಟಿದೆ, ಹಾಡ್ತು.
ಬೆರಳು ಇಟ್ಟೆ ಆ ಕಾಳಿನ ಮ್ಯಾಲ, ಬರೇ ಬೆರಳು.
ದನಿ ಉಗುಳು ನುಂಗಿತು.
ಬೆರಳು ತೆಗದು ಉಫ್ ಅಂದೆ, ಮತ್ತ ಬಂತು.
ನನ್ನ ಮೈ ಬಿಸಿ ತಡೀದಂಥಾದ್ದು
ನಲವತ್ನಾಕು ಡಿಗ್ರಿ ಏನು ತಡದೀತು?

'ಬ್ಯಾರೆ ನಂಬರ್ ಹಾಕ್ರಿ' ಅಂದ.
ಹಾಕಬಹುದು. ಬ್ಯಾಸಗಿಗಿ ಹಾಕಿದ್ದು ಥಂಡಿಗಿ ಒಗ್ಗಂಗಿಲ್ಲ.
ಇವಕ್ಕ ಒಮ್ಮೆ ಹೇಳಿ ಮುಗಸೂ ಮಾತೇ ಇಲ್ಲೋ ತಮ್ಮಾ.

ಅದಕ್ಕ ಫರಸೀನೇ ಒಯ್ದ,
ರಾತ್ರಿಯೆಲ್ಲ ನೀರಿನ ಗಡಿಗಿಗಿ ಒರಗಿಸಿ ಇಟ್ಟಿದ್ದು,
ಹಸಿ ಪಂಚ್ಯಾಗ ಸುತ್ತಿ, ಸೈಕಲ್ಲಿನ ಹಿಂದ,
ಕೂಸು ಕುಂದ್ರಿಸಿದಂಗ ಒಂದು ಕೈ ಹಿಡದು.
ಅವ ನುಡಿಸೂದು ನಾ ಕೇಳ್ಲಾಕ ಹೋಗಿಲ್ಲ.
ಆವತ್ತು ಒಂದು ಪಂಪಿನ ಮೋಟರು ಬಂದಿತ್ತು.

ಸೋಮವಾರ ತಂದಿಟ್ಟ.
ಒಂದು ಕಡಿ ಮೇಣ ಬಿದ್ದದ.
ಯಾವ ಹುಡುಗನೋ ಏನೋ, ಖಾಲಿ ಸ್ಪ್ರಿಂಗಿನಾಗ
ಐಸ್‌ಕ್ಯಾಂಡಿ ಕಡ್ಡಿ ಸಿಗಿಸ್ಯಾನ.
ಗಟ್ಟಿ ಹಿಡದದ.
ಇನ್ನೂ ತೆಗದಿಲ್ಲ ನಾ.